ನಮ್ಮತ್ತೆ ಕ್ಯಾಂಪಿಗೆ ಹೋದದ್ದು

ನಮ್ಮ ಯಜಮಾನರು ಮುರುಗಪ್ಪ ಕಡಲೆಕಾಯಿ ಮಂಡಿಯವರು. ಒಂದು ಹಿಡಿ ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಕಾಳೆಷ್ಟು, ಜೊಳ್ಳೆಷ್ಟು ಎಂದು ಹೇಳಿಬಿಡುತ್ತಿದ್ದರು. ಹೊಳಲ್ಕೆರೆ ಸಂತೆಯಲ್ಲಿ ಆ ಕೈಗೆ ಹೆಸರಿತ್ತು. ಅಂಥವರು ಹೆತ್ತ ತಾಯಿಯ ವಿಷಯದಲ್ಲಿ ಒಂದು ಸಲ ಲೆಕ್ಕ ತಪ್ಪಿದರು. ತಪ್ಪಿದ್ದೇ ಒಳ್ಳೆಯದಾಯಿತು ಅನ್ನಿ.

ಅದು ಎಪ್ಪತ್ನಾಲ್ಕನೇ ಇಸವಿ, ದಸರಾ ರಜೆಗೆ ಮುಂಚಿನ ಮಾತು. ನಮ್ಮ ಒಬ್ಬಳೇ ಮಗಳು ಮಹಾದೇವಿ ದಿನಾ ಬಸ್ಸಿನಲ್ಲಿ ದುರ್ಗಕ್ಕೆ ಹೋಗಿ ಬಿ.ಎ. ಓದುತ್ತಿದ್ದಳು. ನಮ್ಮ ಓಣಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಅವಳು. ಒಂದು ಸಂಜೆ ಅಪ್ಪನ ತಟ್ಟೆಗೆ ಮುದ್ದೆ ಇಡುತ್ತಾ, ರಜೆಯಲ್ಲಿ ಕಾಲೇಜಿನವರ ಕ್ಯಾಂಪ್ ಇದೆ, ನಾನೂ ಹೆಸರು ಕೊಟ್ಟಿದ್ದೇನೆ ಅಂದಳು. ವಿಶ್ವವಿದ್ಯಾನಿಲಯದವರು ರಾಷ್ಟ್ರೀಯ ಸೇವಾ ಯೋಜನೆ ಎಂದು ನಡೆಸುತ್ತಿದ್ದಾರಂತೆ. ಓದುವ ಮಕ್ಕಳು ಹತ್ತು ದಿನ ಒಂದು ಹಳ್ಳಿಯಲ್ಲಿದ್ದು, ಅಲ್ಲಿಯವರ ಜೊತೆ ಸೇರಿ ಏನಾದರೂ ಕೆಲಸ ಮಾಡಬೇಕಂತೆ. ಈ ಸಲ ಹೊಸದುರ್ಗ ತಾಲ್ಲೂಕಿನಲ್ಲಿ, ಬಾಗೂರಿನ ಆಚೆ ಒಂದು ಗೊಲ್ಲರಹಟ್ಟಿ.

"ಏನು ಕೆಲಸ?" ಎಂದು ಇವರು ಕೇಳಿದರು.

"ಚರಂಡಿ ತೋಡೋದು, ಅಪ್ಪ."

ಮುದ್ದೆ ಮುರಿಯುತ್ತಿದ್ದ ಕೈ ಅಲ್ಲೇ ನಿಂತಿತು.

"ಮನೆ ಮುಂದೆ ಕಸ ಹೊಡಿ ಅಂದ್ರೆ ಪುಸ್ತಕ ಹಿಡ್ಕಂಡು ಕುಂತ್ಕಂತೀಯ. ಹಟ್ಟಿ ಚರಂಡಿ ತೋಡಾಕೆ ಹೋಗ್ತೀಯಾ? ಮನೆಗೆ ಮಾರಿ, ಊರಿಗೆ ಉಪಕಾರಿ."

ಮಗಳು ಎದುರಾಡಲಿಲ್ಲ, ಊಟ ಬಿಡಲಿಲ್ಲ, ಅಳಲೂ ಇಲ್ಲ. ಮಾರನೇ ದಿನದಿಂದ ಬಸ್ಸಿನ ಹೊತ್ತಿಗೆ ಮುಂಚೆ ಎದ್ದು ಮನೆಯ ಮುಂದೆ, ಮಂಡಿಯ ಮುಂದೆ, ದನದ ಕೊಟ್ಟಿಗೆ ಎಲ್ಲಾ ಗುಡಿಸಿಟ್ಟು ಕಾಲೇಜಿಗೆ ಹೋಗತೊಡಗಿದಳು. ಒಂದು ವಾರ ಕಳೆಯುವುದರಲ್ಲಿ ಇವರ ಕೈಯಲ್ಲಿದ್ದ ಮಾತು ಖಾಲಿಯಾಯಿತು. ಬೇಡ ಎನ್ನಲು ಬೇರೆ ಕಾರಣ ಹುಡುಕಬೇಕಾಯಿತು. ಹುಡುಕಿದರು ನೋಡಿ, ಅಲ್ಲೇ ಎಡವಿದ್ದು.

ನಮ್ಮತ್ತೆ ಶಿವಗಂಗಮ್ಮನವರ ನೇಮ ಓಣಿಗೆಲ್ಲ ಗೊತ್ತು. ಮಾವ ಲಿಂಗೈಕ್ಯರಾದ ಮೇಲೆ ಅವರು ಹೊರಗಡೆ ಒಂದು ತುತ್ತು ಉಂಡವರಲ್ಲ. ನಮ್ಮ ಮನೆಯವರ ಕೈಯಡುಗೆ ಆಗಬೇಕು, ನೀರು ನಾವೇ ಸೇದಿ ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿದ್ದಾಗಬೇಕು. ಸ್ವಂತ ತಂಗಿಯ ಮಗಳ ಮದುವೆಗೂ ಸೆರಗಿನಲ್ಲಿ ರೊಟ್ಟಿ ಗಂಟು ಕಟ್ಟಿಕೊಂಡು ಹೋಗಿ, ಅಕ್ಷತೆ ಹಾಕಿ, ಗಂಟು ಬಿಚ್ಚಿ ತಿಂದು ಬಂದವರು. ಇದನ್ನೆಲ್ಲ ಲೆಕ್ಕ ಹಾಕಿಯೇ ಇವರು ಒಂದು ಬೆಳಿಗ್ಗೆ ಎಲ್ಲರ ಮುಂದೆ ದೊಡ್ಡ ಮನಸ್ಸು ಮಾಡಿದಂತೆ ಹೇಳಿದರು:

"ಹೋಗು, ನಾನೇನು ಬ್ಯಾಡ ಅನ್ನಲ್ಲ. ಆದ್ರೆ ವಯಸ್ಸಿಗೆ ಬಂದ ಹುಡುಗಿ, ಒಬ್ಬಳೇ ಬ್ಯಾಡ. ನಿಮ್ಮಜ್ಜಿ ಜೊತೆಗೆ ಬಂದ್ರೆ ಹೋಗು."

ನನಗೆ ಒಳಗೊಳಗೇ ನಗು, ಮಗಳ ಮುಖ ನೋಡಿದರೆ ಸಂಕಟ. ಅತ್ತೆ ಪೂಜೆಯ ತಂಬಿಗೆಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ತಿಕ್ಕುವುದನ್ನು ನಿಲ್ಲಿಸದೆಯೇ, "ಆತು, ಹೋಗಾಣ ಬಿಡವ್ವ" ಎಂದು ಮೊಮ್ಮಗಳಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಅಟ್ಟದ ಮೇಲಿನ ಹಿತ್ತಾಳೆ ಕೊಳಗ ಇಳಿಸು ಅಂದರು.

ಇವರಿಗೆ ಬಾಯಲ್ಲಿ ಬಿಸಿ ತುಪ್ಪ ಬಿದ್ದಂತಾಯಿತು. "ಅವ್ವ, ನಿನ್ನ ನೇಮ?" ಎಂದರು.

"ನೇಮ ನಂದು, ನಾನು ನೋಡ್ಕಂತೀನಿ. ಮಾತು ನಿಂದು, ಅದನ್ನ ನೀನು ನೋಡ್ಕ."

ಯಾಕೆ ಒಪ್ಪಿಕೊಂಡಿರಿ ಎಂದು ಆಮೇಲೆ ನಾವಿಬ್ಬರೇ ಇದ್ದಾಗ ಕೇಳಿದೆ. ಅತ್ತೆ, ಮದುವೆಗೆ ಬಾ, ಮಣ್ಣಿಗೆ ಬಾ ಎಂದು ಬಿಟ್ಟರೆ ಈ ಮನೆಗೆ ಬಂದಾಗಿನಿಂದ ತನ್ನನ್ನು ಯಾರೂ ಎಲ್ಲಿಗೂ ಕರೆದಿರಲಿಲ್ಲ ಅಂದರು. ಮಗ ಕರೆದಿದ್ದು ಅವ್ವ ಹೋಗಲ್ಲ ಎಂಬ ಲೆಕ್ಕದಲ್ಲಿ, ಅದು ಅವರಿಗೂ ಗೊತ್ತಿತ್ತು. ಕರೆದಿದ್ದಂತೂ ಹೌದಲ್ಲ ಎಂದು ನಕ್ಕರು.

ಅವರು ಹೋದ ಮೊದಲ ಎರಡು ದಿನ ನಾನು ರಾಣಿಯಂತೆ ಇದ್ದೆ. ಸುಳ್ಳು ಯಾಕೆ ಹೇಳಲಿ, ಒಗ್ಗರಣೆಗೆ ಸಾಸಿವೆ ಜಾಸ್ತಿಯಾಯಿತು ಎನ್ನುವವರಿಲ್ಲ, ಸೆರಗು ಹೊದ್ದುಕೋ ಎನ್ನುವವರಿಲ್ಲ. ಮೂರನೆಯ ದಿನ ಉಪ್ಪು ಹೆಚ್ಚಾಗಿದ್ದು ನನಗೇ ಗೊತ್ತಾಯಿತು, ಹೇಳುವವರು ಯಾರೂ ಇರಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು. ಇವರಂತೂ ಮಂಡಿಯಲ್ಲಿ ಕೂತರೂ ಕೂತಂತಿಲ್ಲ. ಅವ್ವ ಉಪವಾಸ ಬಿದ್ದಿರುತ್ತಾಳೆ, ನನ್ನ ತಲೆಗೇ ಕಟ್ಟುತ್ತಾಳೆ ಎಂದು ನಾಲ್ಕು ದಿನ ಗೊಣಗಿ, ಕೊನೆಗೆ ತಾಯಿಯನ್ನು ಕರೆದುಕೊಂಡೇ ಬರುತ್ತೇನೆಂದು ಹೊರಟರು. ನಾನೂ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಹೊಸದುರ್ಗದ ಬಸ್ಸು ಹತ್ತಿದೆ.

ಹಟ್ಟಿಯ ಸುತ್ತ ಮುಳ್ಳಿನ ಬೇಲಿ, ಒಳಗೆ ಹೋಗಲು ಒಂದೇ ಬಾಗಿಲು. ಮೆಟ್ಟು ಅಲ್ಲೇ ಬಿಡ್ರಿ, ಹಟ್ಟಿಯೊಳಗೆ ಮೆಟ್ಟು ಹಾಕಂಗಿಲ್ಲ ಎಂದು ಅಲ್ಲಿದ್ದ ಮುದುಕರು ಹೇಳಿದರು. ದುರ್ಗದಲ್ಲಿ ಹೊಲಿಸಿದ್ದ ಹೊಸ ಚಪ್ಪಲಿ ಹೊರಗೆ ಬಿಟ್ಟು ಇವರು ಬರಿಗಾಲಲ್ಲಿ ಹೆಜ್ಜೆ ನೋಡಿ ನೋಡಿ ಇಡುತ್ತಾ ಬಂದರು. ಒಳಗೆ ನೋಡಿದರೆ ಕಾಲೇಜಿನ ಮಕ್ಕಳೆಲ್ಲ ಹೊಂಗೆಮರದ ಕೆಳಗೆ ಸುಮ್ಮನೆ ಕೂತಿದ್ದಾರೆ. ಗುದ್ದಲಿ, ಸಲಿಕೆ, ಬಾಂಡ್ಲಿ ಪಕ್ಕದಲ್ಲಿ ಬಿದ್ದಿವೆ.

ಅತ್ತೆ ಮಾತ್ರ ಬೆವರು ಸುರಿಸುತ್ತಿದ್ದರು. ಗೊತ್ತು ಮಾಡಿದ್ದ ಅಡುಗೆಯವನು ಬರಲೇ ಇಲ್ಲವಂತೆ. ಮಕ್ಕಳು ಮಂಡಕ್ಕಿ ತಿಂದು ಮಲಗುವುದನ್ನು ನೋಡಲಾರದೆ ಅತ್ತೆಯೇ ಸೌಟು ಹಿಡಿದಿದ್ದರು. ಮೂರು ಕಲ್ಲಿನ ಒಲೆಯ ಮೇಲೆ ಹುರುಳಿಕಾಳಿನ ಸಾರು ಕುದಿಯುತ್ತಿತ್ತು, ಮಹಾದೇವಿ ನೀರು ಸೋಸಿ ಕೊಡುತ್ತಿದ್ದಳು. ಮಗ ಬಾಯಿ ತೆರೆಯುವ ಮುಂಚೆಯೇ ಅತ್ತೆ ಉತ್ತರ ಕೊಟ್ಟರು.

"ನನ್ನ ಒಲೆ, ನನ್ನ ಕೈ. ನಾನು ಮಾಡಿದ್ದನ್ನೇ ನಾನು ಉಣ್ತೀನಿ, ನೇಮ ಎಲ್ಲಿ ಹೋತು? ಉಳಿದೋರೂ ಅದನ್ನೇ ಉಣ್ತಾರೆ, ಅಷ್ಟೇ."

ಮೊದಲ ದಿನ ಬಡಿಸುವಾಗ ಐಮಂಗಲದ ಜುಂಜಯ್ಯ ಎಂಬ ಹುಡುಗನನ್ನು, ನೀನು ಯಾರ ಪೈಕಿಯಪ್ಪ ಎಂದು ಅತ್ತೆ ವಾಡಿಕೆಯಂತೆ ಕೇಳಿದ್ದರಂತೆ. ಅವನು ತಟ್ಟೆ ಮುಂದೆ ಸರಿಸಿ, "ಹಸಿದೋರ ಪೈಕಿ ಕಣಜ್ಜಿ" ಅಂದನಂತೆ. ಅತ್ತೆ ಅವನಿಗೆ ಇನ್ನೊಂದು ಮುದ್ದೆ ಹಾಕಿದರಂತೆ, ಮುಂದಿನವರನ್ನು ಕೇಳಲಿಲ್ಲವಂತೆ. ಇದನ್ನು ನನಗೆ ಮಹಾದೇವಿ ಕಿವಿಯಲ್ಲಿ ಹೇಳಿದಳು.

ಮಕ್ಕಳನ್ನು ಕರೆತಂದಿದ್ದ ಚಿತ್ತಪ್ಪ ಮೇಷ್ಟ್ರು ಬಂದು ಮಾತಾಡಿಸಿದರು. ಬಾವಿಯ ಹತ್ತಿರ ಚೆಲ್ಲಿದ ನೀರು ಹಟ್ಟಿಯ ನಡುವೆ ನಿಂತು ಕೊಳೆಯುತ್ತಿತ್ತು. ಅದನ್ನು ಹೊಲದ ಕಡೆ ಹರಿಸಲು ಚರಂಡಿ ಬೇಕು. ಆದರೆ ಚರಂಡಿ ಹೋಗುವ ದಾರಿಯಲ್ಲಿ ಒಂದೊಂದು ಮನೆಯವರ ಕುರಿ ಕೂಡುವ ರೊಪ್ಪವೂ ಅಡ್ಡ ಬರುತ್ತಿತ್ತು. ಚರಂಡಿ ಎಲ್ಲರಿಗೂ ಬೇಕು, ಮೊದಲು ಪಕ್ಕದವರ ರೊಪ್ಪ ತೆಗೀರಿ ಎಂದು ಎಲ್ಲರೂ ಹೇಳುವವರೇ. ಮನೆಯವರೇ ಮೊದಲ ಗುದ್ದಲಿ ಹಾಕದ ಹೊರತು ತಾವು ಯಾರ ರೊಪ್ಪವನ್ನೂ ಮುಟ್ಟುವುದಿಲ್ಲ ಎಂದು ಮೇಷ್ಟ್ರು ಹಟ ಹಿಡಿದಿದ್ದರು. ಅದಕ್ಕೇ ಕೆಲಸ ನಿಂತಿತ್ತು.

"ಇದಕ್ಕೆ ಹುಡುಗರಿಗೆ ಮಾರ್ಕು ಕೊಡ್ತಾರೇನ್ರಿ?" ಎಂದು ಇವರು ಕೇಳಿದರು.

"ಇಲ್ರಿ."

"ಮತ್ಯಾತಕ್ಕೆ ಈ ಉಸಾಬರಿ?"

"ವಿಶ್ವವಿದ್ಯಾನಿಲಯ ನಡೆಯೋದು ಊರೋರ ದುಡ್ಡಲ್ಲಿ ಸಾಹುಕಾರ್ರೇ. ನಿಮ್ಮ ಮಂಡಿದೂ ಐತೆ, ಈ ಹಟ್ಟಿ ಕಾಟಮ್ಮನ ಉಣ್ಣೆದೂ ಐತೆ. ಉಂಡ ಮನೆ ಯಾವುದು ಅಂತ ಮಕ್ಕಳಿಗೆ ಗೊತ್ತಾಗ್ಲಿ ಅಂತ ಕರ್ಕಂಡು ಬರ್ತೀವಿ."

ಇವರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಆ ಕಾಟಮ್ಮನೇ ಬಂದಳು. ಬಾವಿಗೆ ಹತ್ತಿರದ ರೊಪ್ಪ ಅವಳದು, ನಡು ವಯಸ್ಸು ದಾಟಿದ ಗಟ್ಟಿಗಿತ್ತಿ. ಬೇರೆ ಊರಿನ ಮಕ್ಕಳು ತಮ್ಮ ಹಟ್ಟಿಯಲ್ಲಿ ಕೈಕಟ್ಟಿ ಕೂತಿದ್ದನ್ನು ಎರಡು ದಿನ ನೋಡಿದ್ದಳಂತೆ. ಮಾತಿಲ್ಲ ಕತೆಯಿಲ್ಲ, ನನ್ನ ಮಗಳ ಪಕ್ಕದಲ್ಲಿದ್ದ ಗುದ್ದಲಿ ಎತ್ತಿಕೊಂಡು ಹೋಗಿ ತನ್ನ ರೊಪ್ಪದ ಬೇಲಿಗೆ ತಾನೇ ಹಾಕಿದಳು. ಮುಳ್ಳಿನ ಹೊರೆ ಉರುಳಿತು. "ಇವತ್ತು ನಮ್ಮ ಕುರಿ ಹೊರಗೆ ಮಲಗ್ಲಿ ತಗಾ" ಅಂದಳು. ಮಕ್ಕಳು ಧಡಕ್ಕನೆ ಎದ್ದರು. ಸ್ವಲ್ಪ ಹೊತ್ತಿಗೆ ಪಕ್ಕದ ರೊಪ್ಪದವನು ಬಂದ, ಅವನ ಹಿಂದೆ ಇನ್ನೊಬ್ಬ. ನಮ್ಮತ್ತೆ ಸೌಟು ಹಿಡಿದುಕೊಂಡು ನೋಡುತ್ತಲೇ ನಿಂತುಬಿಟ್ಟರು. ಸಾರು ತಳ ಹಿಡಿದ ವಾಸನೆ ಬಂದ ಮೇಲೆಯೇ ತಿರುಗಿದ್ದು.

ತಾಯಿಯನ್ನು ಕರೆದುಕೊಂಡು ಹೋಗಲು ಬಂದವರು ಆ ಮಾತೇ ಎತ್ತದೆ ಸಂಜೆ ಬಸ್ಸು ಹತ್ತಿದರು.

ಕ್ಯಾಂಪ್ ಮುಗಿಸಿ ಅಜ್ಜಿ ಮೊಮ್ಮಗಳು ಕಪ್ಪಗಾಗಿ ಬಂದರು. ದೀಪಾವಳಿ ಕಳೆಯಿತು, ಹೊಸ ಕಾಯಿ ಬರತೊಡಗಿತು, ಮಂಡಿಯ ಮುಂದೆ ಗಾಡಿಗಳ ಸಾಲು. ಇಲ್ಲಿ ಮಂಡಿಯ ಮುಂದಿನ ಕಟ್ಟೆಯ ವಿಷಯ ಹೇಳಬೇಕು. ಮೂಟೆ ಇಳಿಸಲು ಅನುಕೂಲವಾಗಲಿ ಎಂದು ಕೆಲವು ವರ್ಷದ ಹಿಂದೆ ಇವರು ಅಲ್ಲಿದ್ದ ಚರಂಡಿಗೆ ಮಣ್ಣು ತುಂಬಿಸಿ, ಮೇಲೆ ಕಲ್ಲುಚಪ್ಪಡಿ ಹಾಸಿ ಕಟ್ಟೆ ಕಟ್ಟಿಸಿದ್ದರು. ಚರಂಡಿ ಮುಚ್ಚಿದ ಮೇಲೆ ನಮ್ಮ ಬಚ್ಚಲ ನೀರು, ಮೇಲಿನ ಮನೆಗಳ ನೀರು ಎಲ್ಲ ತಿರುಗಿ ಕೆಳಗಿನ ಓಣಿಗೆ ನುಗ್ಗಿತು. ಯಾರೂ ಕೇಳಲಿಲ್ಲ. ಕೆಳಗಿನ ಓಣಿಯವರೆಲ್ಲ ನಮ್ಮ ಮಂಡಿಯಲ್ಲಿ ಕಾಯಿ ಒಡೆಯಲು ಬರುವವರು, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾವು ಮನೆಯವರೂ ಆ ಕಟ್ಟೆಯ ಮೇಲೇ ಸಂಜೆ ಕೂತು ಗಾಳಿ ತೆಗೆದುಕೊಳ್ಳುತ್ತಿದ್ದೆವು.

ಕಾಯಿ ಒಡೆಯುವ ಹುಲಿಗೆಮ್ಮ ಒಂದು ವಾರ ಬರಲಿಲ್ಲ. ಮುಂಚೆ ಆಗಿದ್ದರೆ ಅತ್ತೆ ಬಾಗಿಲಲ್ಲಿ ನಿಂತು ಯಾರಿಗೋ ಕೂಗಿ ಹೇಳಿ ಕಳಿಸುತ್ತಿದ್ದರು. ಈ ಸಲ ತಾವೇ ಕೆಳಗಿನ ಓಣಿಗೆ ಇಳಿದು ಹೋದರು. ಸೀರೆಯ ಅಂಚು ಎತ್ತಿ ಹಿಡಿದುಕೊಂಡು ಬಂದರು, ಹಿತ್ತಲಲ್ಲಿ ಕಾಲು ತೊಳೆದುಕೊಂಡರು. ಮಾತಾಡಿದ್ದು ಸಂಜೆ ಊಟಕ್ಕೆ ಕೂತ ಮೇಲೆ.

"ಮುರುಗಪ್ಪ, ಹುಲಿಗೆಮ್ಮನ ಮನೆ ಹೊಸ್ತಿಲೊಳಗೆ ನಮ್ಮ ಬಚ್ಚಲ ನೀರು ನಿಂತೈತೆ. ಕೂಸು ಚಳಿಜ್ವರದಾಗೆ ನಡುಗ್ತೈತೆ. ಆ ಕಟ್ಟೆ ತೆಗಿ."

ಇವರು ಮೊದಲು ಸಮಾಧಾನವಾಗಿಯೇ ಹೇಳಿದರು. ಸುಗ್ಗಿ ಕಾಲ, ಕಟ್ಟೆ ಇಲ್ಲದಿದ್ದರೆ ಗಾಡಿಯವರು ಬೇರೆ ಮಂಡಿಗೆ ಹೋಗುತ್ತಾರೆ, ಬೇಸಿಗೆಗೆ ನೋಡೋಣ ಎಂದರು. ಅವಳೇ ಸುಮ್ಮನಿರುವಾಗ ನಿನಗೇನು ಎಂದೂ ಸೇರಿಸಿದರು.

"ಬಡವನ ಕೋಪ ದವಡೆಗೆ ಮೂಲ ಅಂತ ಅವಳು ಸುಮ್ನಿದಾಳೆ. ನಾನು ಯಾಕೆ ಸುಮ್ನಿರ್ಲಿ? ಕಾಟಮ್ಮ ತನ್ನ ರೊಪ್ಪ ತಾನೇ ಕಿತ್ತಳು. ನೀನೂ ನೋಡಿದೀಯ."

ಇವರ ಮುಖ ಕೆಂಪಾಯಿತು. ತಾಯಿಗೆ ಹೇಳಲಾರದ್ದನ್ನು ಸಾರು ಬಡಿಸುತ್ತಿದ್ದ ಮಗಳಿಗೆ ಹೇಳಿದರು.

"ಇದೆಲ್ಲ ನೀನು ತಂದ ವಿದ್ಯೆ. ನಾಳೆಯಿಂದ ಕಾಲೇಜು ಸಾಕು."

"ನಾನೇನೂ ಹೇಳಿಲ್ಲಪ್ಪ."

"ಹೇಳ್ದಲೇ ಇಷ್ಟಾತು."

ಹೀಗೆ ನನ್ನ ಮಗಳು ಮನೆಯಲ್ಲಿ ಕೂತಳು. ಬೆಳಿಗ್ಗೆ ದುರ್ಗದ ಬಸ್ಸು ಹಾರನ್ ಹೊಡೆದಾಗ ರೊಟ್ಟಿ ತಟ್ಟುತ್ತಿದ್ದ ಅವಳ ಕೈ ನಿಲ್ಲುತ್ತಿತ್ತು, ಬಸ್ಸು ಹೋದ ಮೇಲೆ ಮತ್ತೆ ತಟ್ಟುತ್ತಿದ್ದಳು. ನಾನು ನಾಲ್ಕನೇ ಕ್ಲಾಸಿಗೇ ಬಿಟ್ಟವಳು. ಅವಳ ಪುಸ್ತಕಗಳನ್ನು ಒರೆಸಿಡುವುದೇ ನನಗೊಂದು ಸಂತೋಷವಾಗಿತ್ತು. ಈಗ ಅವಕ್ಕೆ ಧೂಳು ಕೂತಿತ್ತು. ಪರೀಕ್ಷೆ ಹತ್ತಿರ ಬರುತ್ತಿತ್ತು, ಹಾಜರಿ ತಪ್ಪಿದರೆ ಕೂರಿಸುವುದಿಲ್ಲ ಎಂದಿದ್ದಳು. ಒಂದು ದಿನ ತಡೆಯಲಾರದೆ, ಇವರು ಊಟ ಮಾಡುತ್ತಿರುವಾಗಲೇ ಅಂದುಬಿಟ್ಟೆ:

"ಸಿಟ್ಟು ನಿಮ್ಮವ್ವನ ಮೇಲೆ, ಬರೆ ಮಗಳ ಮೇಲೆ. ಇದು ಯಾವ ನ್ಯಾಯ ಹೇಳ್ರಿ."

ಮದುವೆಯಾದ ಮೇಲೆ ನಾನು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅರ್ಧ ಮುದ್ದೆ ಬಿಟ್ಟು ಎದ್ದು ಹೋದರು. ಅತ್ತೆ ನನ್ನ ತಟ್ಟೆಗೆ ತಾವೇ ತುಪ್ಪ ಹಾಕಿದರು.

ಅತ್ತೆ ಜಗಳ ಬೆಳೆಸಲಿಲ್ಲ. ದುರ್ಗದ ಬಸ್ಸಿನ ಕಂಡಕ್ಟರನ ಬಾಯಲ್ಲಿ ಕಾಲೇಜಿಗೆ ಹೇಳಿ ಕಳಿಸಿದರು, ಬರುವ ಭಾನುವಾರ ಕ್ಯಾಂಪಿನ ಮಕ್ಕಳೆಲ್ಲ ನಮ್ಮನೆಗೆ ಹೋಳಿಗೆ ಊಟಕ್ಕೆ ಬರಬೇಕು ಎಂದು. ಮಗನಿಗೂ ಹೇಳಿದರು. ಉಣ್ಣಲು ಬರುವವರನ್ನು ಬೇಡ ಎಂದ ವಂಶವಲ್ಲ ನಮ್ಮದು. ಇವರು ಸಂತೆಯಿಂದ ಒಳ್ಳೆ ಬೆಲ್ಲ ತಂದು ಒಳಗಿಟ್ಟರು.

ಭಾನುವಾರ ಮಕ್ಕಳು ಬಂದರು. ಕೈಯಲ್ಲಿ ಗುದ್ದಲಿ, ಸಲಿಕೆಯೂ ಇದ್ದವು. ಅತ್ತೆ ಕಟ್ಟೆಯ ವಿಷಯವನ್ನೂ ಹೇಳಿ ಕಳಿಸಿದ್ದರು ಎಂದು ಆಗ ಗೊತ್ತಾಯಿತು. ಬಂದವರು ಎದುರು ಮನೆಯ ನೆರಳಲ್ಲಿ ಅವನ್ನು ಪಕ್ಕಕ್ಕಿಟ್ಟು ಹಟ್ಟಿಯಲ್ಲಿ ಕೂತಂತೆಯೇ ಕೂತರು. ಓಣಿಯ ಜನ ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತರು. ಇವರು ಮಂಡಿಯಿಂದ ಇಳಿದು ಬಂದರು.

"ಏನ್ ಮೇಷ್ಟ್ರೇ, ನನ್ನ ಕಟ್ಟೆ ಒಡೆಯಾಕೆ ಬಂದೀರೇನು?"

ಚಿತ್ತಪ್ಪ ಮೇಷ್ಟ್ರು ಎದ್ದು ಕೈಮುಗಿದರು. "ಇಲ್ಲ ಸಾಹುಕಾರ್ರೇ. ನಾವು ಹೋಳಿಗೆ ಉಣ್ಣಾಕೆ ಬಂದಿರೋದು. ನೀವು ಮೊದಲ ಗುದ್ದಲಿ ಹಾಕಿದ್ರೆ ಜೊತೆಗೆ ಕೈ ಹಾಕ್ತೀವಿ. ಹಾಕದಿದ್ರೆ ಉಂಡು, ಅಜ್ಜಿಗೆ ನಮಸ್ಕಾರ ಮಾಡಿ ಹೋಗ್ತೀವಿ. ಕಲ್ಲು ಮುಟ್ಟಲ್ಲ."

ನಾನು ಬಾಗಿಲ ಸಂದಿಯಲ್ಲಿ ಮಗಳ ಕೈ ಹಿಡಿದುಕೊಂಡಿದ್ದೆ. ಅಪ್ಪ ಈಗ ಒಳಗೆ ಹೋಗಿಬಿಟ್ಟರೆ ಕಟ್ಟೆಯೂ ಅಲ್ಲೇ, ಅವಳ ಕಾಲೇಜೂ ಅಲ್ಲೇ. ಅಷ್ಟರಲ್ಲಿ ನಮ್ಮಿಬ್ಬರನ್ನೂ ಸರಿಸಿಕೊಂಡು ಅತ್ತೆ ಹೊರಗೆ ಹೋದರು. ಕೈಯೆಲ್ಲ ಕಣಕ.

"ಮುರುಗಪ್ಪ, ಅವತ್ತು ಅವ್ವ ಹೋಗಲ್ಲ ಅಂದ್ಕಂಡು ಮಾತು ಕೊಟ್ಟೆ. ನಿಮ್ಮವ್ವ ಇಷ್ಟೇ ಅಂದ್ಕಂಡೆ. ಇವತ್ತು ನೀನು ಗುದ್ದಲಿ ಹಿಡಿಯಲ್ಲ ಅಂತ ಈ ಓಣಿ ಅಂದ್ಕಂಡೈತೆ. ನಾನು ಹಂಗೆ ಅಂದ್ಕಂಡಿಲ್ಲ."

ಅಷ್ಟು ಹೇಳಿ ಒಳಗೆ ಬಂದು ಮತ್ತೆ ಹೋಳಿಗೆ ತಟ್ಟಲು ಕೂತರು. ಹೊರಗೆ ನೋಡಲೂ ಇಲ್ಲ.

ಇವರು ಕಟ್ಟೆ ನೋಡಿದರು, ಕೆಳಗಿನ ಓಣಿ ನೋಡಿದರು. ಆಮೇಲೆ ನಿಧಾನವಾಗಿ ಅಂಗಿ ಬಿಚ್ಚಿ ಮೂಟೆಯ ಮೇಲೆ ಹಾಕಿ, "ಮಾದೇವಿ, ಗುದ್ದಲಿ ತಾ ಇಲ್ಲಿ" ಎಂದು ಕೂಗಿದರು. ಅವಳು ಓಡಿದಳು. ಅವಳ ಕೈಯಿಂದ ತೆಗೆದುಕೊಂಡು ಇವರೇ ಮೊದಲ ಏಟು ಹಾಕಿದರು. ಚಪ್ಪಡಿ ಅಲ್ಲಾಡಿದ ಮೇಲೆ ಜುಂಜಯ್ಯ ಹಾರೆ ಹಿಡಿದು ಜೊತೆಗೆ ನಿಂತ. ಕೆಳಗಿನಿಂದ ಹುಲಿಗೆಮ್ಮ ಗಾಬರಿಯಾಗಿ ಓಡಿ ಬಂದು, "ಧಣೇರೆ, ನಾನು ಹೇಳಿದ್ದಲ್ಲ" ಅಂದಳು.

"ನೀನು ಹೇಳಬೇಕಾಗಿತ್ತು ಹುಲಿಗೆಮ್ಮ" ಅಂದರು ಇವರು, ಗುದ್ದಲಿ ನಿಲ್ಲಿಸದೆ.

ಮಧ್ಯಾಹ್ನದ ಹೊತ್ತಿಗೆ ಮಣ್ಣು ಖಾಲಿಯಾಗಿ ಕಪ್ಪು ನೀರು ಹಳೆಯ ದಾರಿ ಹಿಡಿದು ಹೋಯಿತು. ಚಪ್ಪಡಿಗಳನ್ನು ಚರಂಡಿಯ ಮೇಲೆ ಅಡ್ಡಡ್ಡ ಹಾಸಿದರೆ ಕೆಳಗೆ ನೀರೂ ಹೋಗುತ್ತದೆ, ಮೇಲೆ ಮೂಟೆಯೂ ಇಳಿಯುತ್ತದೆ ಎಂದು ಇವರೇ ಹೇಳಿದರು, ಇವರೇ ನಿಂತು ಹಾಸಿಸಿದರು. ಮೊದಲೇ ಯಾಕೆ ಹೊಳೆಯಲಿಲ್ಲವೋ, ನಾನು ಕೇಳಲು ಹೋಗಲಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ ಕೂತರು, ಹುಲಿಗೆಮ್ಮ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅತ್ತೆ ತುಪ್ಪ ಬಡಿಸಿದರು. ಮಗನ ಎಲೆಗೆ ಬಂದಾಗ ಮಿಳ್ಳೆಯನ್ನು ಪೂರ್ತಿ ಬಗ್ಗಿಸಿದರು.

ಸೋಮವಾರ ಬಸ್ಸು ಹಾರನ್ ಹೊಡೆಯುವ ಮುಂಚೆಯೇ ಇವರು ಮಗಳ ಪುಸ್ತಕ ಹಿಡಿದು ಹೊರಗೆ ನಿಂತಿದ್ದರು. ನಾನು ಬಸ್ಸು ಮರೆಯಾಗುವವರೆಗೂ ನೋಡಿದೆ. ಕೂತು ಓದುವುದನ್ನಷ್ಟೇ ಕಲಿಸಿ ಕಳಿಸಿದ್ದರೆ ಆ ಕಾಲೇಜಿಗೆ ನಾನು ಒಂದು ಕೈ ಮುಗಿಯುತ್ತಿದ್ದೆ. ಒಬ್ಬಳನ್ನು ಸೇರಿಸಿಕೊಂಡು ನಮ್ಮ ಮನೆಗೆಲ್ಲ ಪಾಠ ಹೇಳಿದ್ದಕ್ಕೆ ಎರಡೂ ಕೈ ಮುಗಿದೆ. ಆ ವರ್ಷ ಅವಳು ಪಾಸಾದಳು.

ಮುಂದಿನ ದಸರಾ ಹತ್ತಿರ ಬಂದಾಗ, ಈ ಸಲ ಕ್ಯಾಂಪ್ ಹಿರಿಯೂರಿನ ಕಡೆಯಂತೆ ಎಂದು ಮಹಾದೇವಿ ಊಟದ ಹೊತ್ತಿಗೆ ಹೇಳಿದಳು. ಅತ್ತೆ ಆಗಲೇ ಕೊಳಗ ಇಳಿಸಿ ಕಲಾಯಿ ಹಾಕಿಸಲು ಕೊಟ್ಟಿದ್ದರು. ನಾನು ಮುದ್ದೆ ಇಡುತ್ತಾ, ಈ ಸಲ ನಾನೂ ಹೋಗುತ್ತೇನೆ ಅಂದೆ. ಇವರು ತಲೆಯೆತ್ತಿ ನನ್ನನ್ನು ನೋಡಿದರು. ಷರತ್ತು ಏನು ಬರುತ್ತದೋ ಎಂದು ಕಾದೆ. ಏನೂ ಬರಲಿಲ್ಲ. ತಟ್ಟೆಯಲ್ಲಿದ್ದ ಮುದ್ದೆಯನ್ನು ಒಂದು ಸಲ ಒತ್ತಿ ನೋಡಿದರು.

"ಹೋಗು. ಹೋಗೋ ಮುಂಚೆ ಇದನ್ನ ತಿರುವೋದು ಹೆಂಗೆ ಅಂತ ನನಗೆ ಹೇಳ್ಕೊಟ್ಟು ಹೋಗು" ಅಂದರು.